ಕಪ್ಪು ಕುಳಿ ಎರಡು ಕಡೆ ಬೆಳಕು ಚಿಮ್ಮುವುದೇಕೆ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ ಭೂಮಿ ಹುಟ್ಟಿರಲಿಲ್ಲ, ಚಂದ್ರ ಹುಟ್ಟಿರಲಿಲ್ಲ, ನಮ್ಮ ಸೂರ್ಯನ ಹೆಸರನ್ನೂ ಯಾರೂ ಕೇಳಿರಲಿಲ್ಲ. ಆಕಾಶದ ತುಂಬ ಮಬ್ಬು ಮಬ್ಬಾದ ದೊಡ್ಡ ಮೋಡಗಳು ಕಾಲು ಚಾಚಿ ಕೂತಿದ್ದವು.

ಆ ಮೋಡಗಳಲ್ಲಿ ಒಬ್ಬಳು ಮಬ್ಬಜ್ಜಿ. ಅವಳ ಮಡಿಲಲ್ಲಿ ಅವಳಿ ನಕ್ಷತ್ರಗಳು ಹುಟ್ಟಿದವು. ಮೊದಲು ಕಣ್ಣು ಬಿಟ್ಟವಳು ನೀಲಕ್ಕ. ದೊಡ್ಡವಳು, ನೀಲಿ ಬೆಂಕಿಯವಳು, ಬಾಯಿ ಮುಚ್ಚದ ಮಾತುಗಾತಿ. ಅವಳ ಬೆನ್ನಿಗೇ ಬಂದವಳು ಹೊನ್ನಿ. ಚಿಕ್ಕವಳು, ಹಳದಿ ಬೆಂಕಿಯವಳು, ಎಲ್ಲದಕ್ಕೂ ಗಾಬರಿ ಬೀಳುವವಳು.

ಅಕ್ಕ ತಂಗಿ ಇಬ್ಬರೂ ಒಬ್ಬರನ್ನೊಬ್ಬರು ಸುತ್ತುತ್ತಿದ್ದರು. ಅಕ್ಕ ಈ ಕಡೆ ಬಂದರೆ ತಂಗಿ ಆ ಕಡೆ, ತಂಗಿ ಈ ಕಡೆ ಬಂದರೆ ಅಕ್ಕ ಆ ಕಡೆ. ಕಣ್ಣೆದುರಿಗೇ ಅಕ್ಕ ಧಗಧಗ ಉರಿಯುತ್ತಿದ್ದರೂ ಹೊನ್ನಿಗೆ ಸಮಾಧಾನವಿಲ್ಲ. ಒಂದೊಂದು ಸುತ್ತಿಗೂ ಕೇಳುವಳು.

"ಅಕ್ಕಾ, ಇದ್ದೀಯಾ?"

"ಇದ್ದೀನಿ ಕಣೇ. ಇನ್ನೆಲ್ಲಿಗೆ ಹೋಗ್ಲಿ?"

ಆ ಕಾಲದ ಆಕಾಶದಲ್ಲಿ ಒಂದು ಪದ್ಧತಿ ಇತ್ತು. ಜೊತೆಯಲ್ಲಿ ಸುತ್ತುವವರದು ಒಂದೇ ಒಲೆ. ಇದ್ದವರು ಬಡಿಸಬೇಕು, ಇಲ್ಲದವರು ಉಣ್ಣಬೇಕು. ನಕ್ಷತ್ರಗಳ ಊಟ ಎಂದರೆ ಇನ್ನೇನು, ಅವುಗಳ ಮೈಯ ಬೆಂಕಿಯೇ. ಉಣ್ಣುವವರು ಎರಡೂ ಕೈ ಅಡ್ಡ ಹಿಡಿದು ಸಾಕು ಎನ್ನುವವರೆಗೆ ಬಡಿಸುವವರು ಸೌಟು ಇಳಿಸುವ ಹಾಗಿಲ್ಲ. ಪಾಯಸ ಬಡಿಸಲು ಬಂದವರಿಗೆ ನೀನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತೀಯಲ್ಲ ಮಗೂ, ಹಾಗೆಯೇ ಅದು. ನಕ್ಷತ್ರಗಳಿಗೆ ಕೈ ಎಂದರೆ ಜ್ವಾಲೆ. ಒಂದು ಜ್ವಾಲೆ ಮೇಲಕ್ಕೆ, ಇನ್ನೊಂದು ಜ್ವಾಲೆ ಕೆಳಕ್ಕೆ. ಎರಡೂ ನೆಟ್ಟಗೆ ಚಾಚಿದವೆಂದರೆ ಹೊಟ್ಟೆ ತುಂಬಿತು ಎಂದು ಅರ್ಥ.

ಚಿಕ್ಕಂದಿನಲ್ಲಿ ಬಡಿಸುತ್ತಿದ್ದವಳು ನೀಲಕ್ಕ. ಉಣ್ಣುತ್ತಿದ್ದವಳು ಹೊನ್ನಿ. ಹೊನ್ನಿಗೆ ರುಚಿ ಹತ್ತಿತ್ತು. ಹೊಟ್ಟೆ ತುಂಬಿದರೂ ಕೈ ಅಡ್ಡ ಹಿಡಿಯುತ್ತಿರಲಿಲ್ಲ. "ಇನ್ನೊಂದ್ ಚೂರು," ಎನ್ನುವಳು. ಅಕ್ಕ ನಗುತ್ತ ಬಡಿಸುವಳು. "ಇನ್ನೊಂದೇ ಒಂದ್ ಚೂರು," ಎನ್ನುವಳು. ಅಕ್ಕ ಮತ್ತೆ ಬಡಿಸುವಳು.

ದೊಡ್ಡ ಬೆಂಕಿ ಬೇಗ ಉರಿದು ಮುಗಿಯುತ್ತದೆ. ಅದು ಯಾರ ತಪ್ಪೂ ಅಲ್ಲ. ಬಡಿಸಿದರೂ ಮುಗಿಯುತ್ತದೆ, ಬಡಿಸದಿದ್ದರೂ ಮುಗಿಯುತ್ತದೆ. ಆದರೆ ಹೊನ್ನಿಗೆ ಇದನ್ನು ಹೇಳುವವರು ಯಾರು?

ಒಂದು ಸುತ್ತಿನಲ್ಲಿ ಹೊನ್ನಿ ಎಂದಿನಂತೆ ಕೇಳಿದಳು. "ಅಕ್ಕಾ, ಇದ್ದೀಯಾ?"

ನೀಲಕ್ಕ ಉತ್ತರ ಕೊಡಲಿಲ್ಲ. ಒಳಗೆ ಉರಿಯಲು ಏನೂ ಉಳಿದಿರಲಿಲ್ಲ. ಅವಳು ತನ್ನೊಳಗೆ ತಾನೇ ಕುಸಿದಳು. ಕುಗ್ಗಿದಳು, ಇನ್ನೂ ಕುಗ್ಗಿದಳು. ಕೊನೆಗೆ ತನ್ನನ್ನು ತಾನೇ ಎಷ್ಟು ಬಿಗಿಯಾಗಿ ಅವುಚಿಕೊಂಡಳೆಂದರೆ ಅವಳ ಬೆಳಕೂ ಹೊರಗೆ ಬರಲಾಗಲಿಲ್ಲ. ಸದ್ದು ಇಲ್ಲ, ಸಿಡಿತ ಇಲ್ಲ. ನೀಲಿ ಬೆಂಕಿ ಇದ್ದ ಜಾಗದಲ್ಲಿ ಕಪ್ಪು ಇತ್ತು, ಅಷ್ಟೇ.

"ಅಕ್ಕಾ?" ಎಂದಳು ಹೊನ್ನಿ. "ಅಕ್ಕಾ, ಇದ್ದೀಯಾ?"

ಉತ್ತರ ಇಲ್ಲ. ಆದರೆ ಒಂದು ವಿಚಿತ್ರ. ಹೊನ್ನಿ ಇನ್ನೂ ಸುತ್ತುತ್ತಲೇ ಇದ್ದಳು. ಮೊದಲು ಯಾವ ಸೆಳೆತ ಅವಳನ್ನು ಹಿಡಿದಿತ್ತೋ ಅದೇ ಸೆಳೆತ ಈಗಲೂ ಹಿಡಿದಿತ್ತು. ಅಕ್ಕ ಕಾಣುತ್ತಿರಲಿಲ್ಲ, ಅಕ್ಕನ ಹಿಡಿತ ಮಾತ್ರ ಬಿಟ್ಟಿರಲಿಲ್ಲ.

ಹೊನ್ನಿಯ ಎದೆ ಡವಡವ ಹೊಡೆದುಕೊಂಡಿತು. ನಾನು ಹೊತ್ತಿಗೆ ಸರಿಯಾಗಿ ಸಾಕು ಅಂದಿದ್ದರೆ ಅಕ್ಕನಿಗೆ ಹೀಗಾಗುತ್ತಿರಲಿಲ್ಲ ಎಂದುಕೊಂಡಳು. ಅಕ್ಕ ಹಸಿದಿದ್ದಾಳೆ, ಹಸಿವಿಗೆ ಮಾತು ನಿಂತಿದೆ ಎಂದುಕೊಂಡಳು. ಸೌಟು ಎತ್ತಿದಳು.

ಹೊನ್ನಿ ಅಕ್ಕನ ಕಡೆಗೆ ಬಾಗಿ ತನ್ನ ಮೈಯ ಬೆಂಕಿಯನ್ನು ಬಡಿಸಿದಳು. ಇಬ್ಬರೂ ಸುತ್ತುತ್ತಿದ್ದರಲ್ಲ, ಬಡಿಸಿದ್ದು ನೆಟ್ಟಗೆ ಹೋಗಿ ಬೀಳಲಿಲ್ಲ. ಬಚ್ಚಲ ತೂತಿನ ಹತ್ತಿರ ನೀರು ಸುತ್ತಿ ಸುತ್ತಿ ಇಳಿಯುವ ಹಾಗೆ ಆ ಬೆಂಕಿ ಕಪ್ಪಿನ ಸುತ್ತ ಸುತ್ತತೊಡಗಿತು. ನೋಡ ನೋಡುತ್ತ ಅಲ್ಲಿ ಅಗಲವಾದ ಒಂದು ಹೊಳೆಯುವ ತಟ್ಟೆ ಆಯಿತು. ತಟ್ಟೆಯ ಒಳ ಅಂಚಿನಿಂದ ಚೂರು ಚೂರೇ ಊಟ ಕಪ್ಪಿನೊಳಗೆ ಇಳಿಯಿತು.

"ಉಣ್ತಿದ್ದಾಳೆ!" ಎಂದು ಹೊನ್ನಿ ಹಿಗ್ಗಿದಳು.

ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಎಷ್ಟು ಬಡಿಸಿದರೂ ಆ ಕಡೆಯಿಂದ ಕೈ ಏಳಲಿಲ್ಲ. ಬೇಕು ಎಂದೂ ಇಲ್ಲ, ಸಾಕು ಎಂದೂ ಇಲ್ಲ. ಹೊನ್ನಿ ಕಿವಿಗೊಟ್ಟು ಕೇಳಲು ಇನ್ನಷ್ಟು ಬಾಗಿದಳು. ಅವಳ ದುಂಡು ಮುಖ ಅಕ್ಕನ ಕಡೆಗೆ ಹನಿಯ ಹಾಗೆ ಚೂಪಾಯಿತು. ಬಾಗಿದಷ್ಟೂ ಬೆಂಕಿ ಹೆಚ್ಚು ಚೆಲ್ಲಿತು. ಬೆಂಕಿ ಚೆಲ್ಲಿದಷ್ಟೂ ಅವಳು ಸೊರಗಿದಳು. ಅದು ಅವಳ ಗಮನಕ್ಕೇ ಬರಲಿಲ್ಲ. ಸಾಕು ಎಂಬ ಒಂದು ಸದ್ದಿಗಾಗಿ ಮತ್ತೆ ಬಾಗಿದಳು, ಮತ್ತೆ ಚೆಲ್ಲಿದಳು.

ಪಕ್ಕದಲ್ಲೇ ಕೆಂಪಯ್ಯ ಎಂಬ ಪುಟ್ಟ ಕೆಂಪು ನಕ್ಷತ್ರ ಇದ್ದ. ಜಿಪುಣ. ಒಂದು ಕಿಡಿಯನ್ನೂ ಯಾರಿಗೂ ಕೊಟ್ಟವನಲ್ಲ. ಒಂಟಿಯಾಗಿಯೇ ಇದ್ದವನು, ಆದರೆ ಕೆಟ್ಟವನಲ್ಲ. ಅವನು ನೋಡಿ ನೋಡಿ ಸಾಕಾಗಿ ಬಾಯಿ ಬಿಟ್ಟ.

"ಏನಮ್ಮಾ ಹೊನ್ನಿ, ನಿನಗೇನ್ ತಲೆ ಕೆಟ್ಟಿದೆಯಾ? ಅರ್ಧ ಆಗಿದ್ದೀಯಲ್ಲ! ಅಲ್ಲಿ ನಿಮ್ಮಕ್ಕ ಇಲ್ಲ ಕಣಮ್ಮಾ. ಅದೊಂದು ಗುಂಡಿ. ಗುಂಡಿಗೆ ಯಾರಾದ್ರೂ ಬಡಿಸ್ತಾರಾ?"

"ಹಾಗನ್ಬೇಡಿ ಮಾವ. ನನ್ನ ಹಿಡ್ಕೊಂಡೇ ಇದ್ದಾಳೆ."

"ಗುಂಡಿನೂ ಹಿಡ್ಕೊಳ್ಳುತ್ತೆ. ಬಿದ್ದವರನ್ನ ಬಿಡಲ್ಲ. ನನ್ನ ಮಾತ್ ಕೇಳು, ಸೌಟು ಇಳಿಸು, ಹಿಂದಕ್ಕೆ ಸರಿ."

"ಸಾಕು ಅನ್ನದೆ ಹೇಗೆ ಇಳಿಸ್ಲಿ ಮಾವ? ಹಸ್ಕೊಂಡಿದ್ರೆ?"

ಕೆಂಪಯ್ಯ ತಲೆ ಚಚ್ಚಿಕೊಂಡು ಮುಖ ತಿರುಗಿಸಿದ.

ಅವನು ತಿರುಗಿಸಿಕೊಂಡರೂ ಅವನ ಮಾತು ಹೊನ್ನಿಯನ್ನು ಬಿಡಲಿಲ್ಲ. ಗುಂಡಿ. ಬರೀ ಗುಂಡಿಯಾಗಿದ್ದರೆ? ಯಾರೂ ಇಲ್ಲದ ಜಾಗಕ್ಕೆ ಇಷ್ಟು ದಿನ ಬಡಿಸಿದೆನೇ? ಹಾಗೆಂದು ಸೌಟು ಇಳಿಸಿದರೆ, ಆ ಕತ್ತಲೆಯೊಳಗೆ ಅಕ್ಕ ಇನ್ನೂ ಹಸಿದು ಕೂತಿದ್ದರೆ? ಎತ್ತಲೂ ಹೋಗಲಾರದೆ ಹೊನ್ನಿ ಒದ್ದಾಡಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಕ್ಕ ಇದ್ದಾಳೋ ಇಲ್ಲವೋ ಗೊತ್ತಾಗಬೇಕು. ಅದು ಗೊತ್ತಾಗುವ ಮೊದಲೇ ತನ್ನ ಬೆಂಕಿ ಮುಗಿದುಹೋದರೆ ಎಂಬ ಭಯ ಬೇರೆ.

ಹೊನ್ನಿಯ ಮೈಯಿಂದಲೇ ಹುಟ್ಟುವ ಒಂದು ಗಾಳಿ ಇತ್ತು. ಅದರ ಹೆಸರು ಸುಯ್ಯ. ಅವಳು ಸುಯ್ಯನನ್ನು ಕರೆದಳು.

"ಸುಯ್ಯಾ, ಅಕ್ಕನ ಹತ್ರ ಹೋಗಿ ಒಂದ್ ಮಾತು ಕೇಳ್ಕೊಂಡು ಬರ್ತೀಯಾ? ಸಾಕಾ, ಇನ್ನೂ ಬೇಕಾ, ಅಷ್ಟೇ ಕೇಳು."

"ಹೋಗ್ ಬರ್ತೀನಿ ಅವ್ವ," ಎಂದು ಸುಯ್ಯ ಹಾರಿದ.

ಹೋದ ಸುಯ್ಯ ಎಷ್ಟು ಹೊತ್ತಾದರೂ ಬರಲಿಲ್ಲ. ಒಂದು ಸುತ್ತು ಕಳೆಯಿತು, ಎರಡು ಸುತ್ತು ಕಳೆಯಿತು. ಕಳಿಸಬಾರದಾಗಿತ್ತು ಎಂದು ಹೊನ್ನಿ ಬಾಯಿಬಾಯಿ ಬಡಿದುಕೊಂಡಳು. ಮೂರನೆಯ ಸುತ್ತಿಗೆ ಸುಯ್ಯ ಏದುಸಿರು ಬಿಡುತ್ತ ಬಂದ. ಹೋದಾಗ ಇದ್ದದ್ದರಲ್ಲಿ ಅರ್ಧವೇ ಬಂದಿದ್ದ. ಅದೂ ಸುಟ್ಟು ಕಮರಿತ್ತು.

"ಅವ್ವ, ತಟ್ಟೆ ದಾಟೋದೇ ಕಷ್ಟ. ನೀನು ಬಡಿಸಿದ್ದೆಲ್ಲ ಒಂದಕ್ಕೊಂದು ಉಜ್ಜಿ ಉಜ್ಜಿ ಕಾದು ಹೋಗಿದೆ."

ಅಂಗೈ ಅಂಗೈ ಉಜ್ಜಿ ನೋಡು ಮಗೂ, ಬೆಚ್ಚಗಾಗುತ್ತದೆ. ಅಲ್ಲಿ ಅದೇ ಉಜ್ಜಾಟ ನಿಲ್ಲದೆ ನಡೆದು, ತಟ್ಟೆಯ ಒಳ ಅಂಚು ನಮ್ಮ ಕಣ್ಣಿಗೆ ಕಾಣದಂಥ ಬೆಳಕನ್ನು ಕಾರುವಷ್ಟು ಕಾದಿತ್ತು.

"ಅಕ್ಕ ಏನಂದ್ಳು?" ಎಂದು ಹೊನ್ನಿ ಕೇಳಿದಳು.

"ಅಲ್ಲೊಂದು ಗೆರೆ ಇದೆ ಅವ್ವ. ಆ ಗೆರೆ ದಾಟಿದ್ದು ಯಾವುದೂ ತಿರುಗಿ ಬರಲ್ಲ. ನಾನು ಕೂಗಿದ್ದೂ ಒಳಗೇ ಹೋಯ್ತು. ಕೂಗೋಕೆ ಅಂತ ಮುಂದೆ ಹೋದ ಅರ್ಧ ನಾನೂ ಒಳಗೇ ಹೋದೆ. ಅಕ್ಕ ಮಾತಾಡ್ತಿದ್ರೂ ಆ ಮಾತು ಆಚೆ ಬರೋ ಹಾಗಿಲ್ಲ. ಕೈ ಎತ್ತಿದ್ರೂ ಆ ಕೈ ಆಚೆ ಬರೋ ಹಾಗಿಲ್ಲ."

ಹೊನ್ನಿಗೆ ಅಳು ಬಂತು. ಅಂದರೆ ಅಕ್ಕ ಎಂದೋ ಸಾಕು ಅಂದಿರಬಹುದು. ಬೇಕು ಎಂದು ಅಂಗಲಾಚುತ್ತಲೂ ಇರಬಹುದು. ಯಾವುದೆಂದು ತಿಳಿಯುವುದು ಹೇಗೆ?

"ಒಂದ್ ವಿಷಯ ಇದೆ ಅವ್ವ," ಎಂದ ಸುಯ್ಯ. "ಗೆರೆ ಹತ್ರ ನಿಂತವರು ಸುಮ್ನೆ ನಿಲ್ಲೋಕಾಗಲ್ಲ. ಜಾಗವೇ ಗಿರ್ರನೆ ತಿರುಗ್ತಾ ಇದೆ. ಒಳಗಿರೋದು ತಿರುಗ್ತಾ ಇದೆ."

"ತಿರುಗ್ತಿದ್ದಾಳಾ? ಹಾಗಾದ್ರೆ ಇದ್ದಾಳೆ!"

"ಬುಗುರಿನೂ ತಿರುಗುತ್ತೆ," ಎಂದು ಕೆಂಪಯ್ಯ ಆ ಕಡೆಯಿಂದಲೇ ಗೊಣಗಿದ. "ಅದಕ್ಕೇನ್ ಜೀವ ಇದೆಯಾ?"

ಹೊನ್ನಿಗೆ ಸಿಟ್ಟು ಬಂತು. ಅಜ್ಜಿಯ ಕಡೆ ತಿರುಗಿದಳು.

ಮಬ್ಬಜ್ಜಿ ದೂರದಲ್ಲಿ ಇದ್ದಳು. ಮೊಮ್ಮಕ್ಕಳ ಬೆಂಕಿಯ ಕಾವಿಗೆ ಹಿಂದೆ ಹಿಂದೆ ಸರಿದು, ಅವರ ಸುತ್ತ ಮಡಿಲು ಹರಡಿಕೊಂಡು ಕೂತಿದ್ದಳು. ಹೊನ್ನಿ ಅವಳನ್ನು ಕೂಗಿ ಕೇಳಿದಳು.

"ಅಜ್ಜೀ, ಏನ್ ಮಾಡ್ಲಿ ಹೇಳು. ಸೌಟು ಇಳಿಸ್ಲಾ?"

ಮಬ್ಬಜ್ಜಿ ಇಬ್ಬರ ಕಡೆಗೂ ನೋಡಿದಳು. ಅವಳಿಗೂ ಸಂಕಟವೇ. ಒಬ್ಬಳು ಮೊಮ್ಮಗಳು ಕತ್ತಲಾಗಿದ್ದಾಳೆ, ಇನ್ನೊಬ್ಬಳು ಕಣ್ಣೆದುರಿಗೇ ಸವೆಯುತ್ತಿದ್ದಾಳೆ.

"ಇಳಿಸು ಅಂದ್ರೆ ಇಳಿಸ್ತೀಯಾ?" ಎಂದಳು ಅಜ್ಜಿ ಕೊನೆಗೆ.

ಹೊನ್ನಿ ತಲೆ ತಗ್ಗಿಸಿದಳು.

"ಗೊತ್ತಿತ್ತು ನನಗೆ. ಇಳಿಸಲ್ಲ ನೀನು. ಹಾಗಾದ್ರೆ ಅವಳನ್ನೇ ನೇರವಾಗಿ ಕೇಳಿಬಿಡು. ಇದೊಂದ್ ಸಲ. ಉತ್ತರ ಬರದಿದ್ರೆ ಹಿಂದಕ್ಕೆ ಬಾ ಮಗಳೇ. ಇಬ್ಬರನ್ನೂ ಕಳ್ಕೊಂಡು ನಾನು ಈ ಖಾಲಿ ಮಡಿಲು ಇಟ್ಕೊಂಡು ಕೂರಲಾರೆ."

ಹೊನ್ನಿ ಇದ್ದ ಬದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡಳು. ಹಿಂದೆಂದೂ ಬಾಗದಷ್ಟು ಬಾಗಿದಳು. ತಟ್ಟೆಯ ಕಾವಿಗೆ ಅವಳ ಮುಖ ಬೆಂದಿತು. ಆದರೂ ಬಾಗಿದಳು.

"ಅಕ್ಕಾ, ನೀನಲ್ಲಿ ಇದ್ರೆ ಹೇಳು. ಸಾಕಾ?"

ಬಾಗಿದ ರಭಸಕ್ಕೆ ಬೆಂಕಿ ಒಂದೇ ಸಲಕ್ಕೆ ದಬದಬನೆ ಸುರಿಯಿತು. ತಟ್ಟೆ ತುಂಬಿ ತುಳುಕಿತು, ಉಬ್ಬಿತು, ಒಲೆದಾಡಿತು. ಹೊನ್ನಿ ಇನ್ನಷ್ಟು ಸೊರಗಿದಳು. ಮುಗಿಯಿತು, ನಾನೂ ಮುಗಿದೆ ಎಂದುಕೊಂಡಳು.

ಈಗ ಕತ್ತಲೆಯ ಒಳಗಿನ ಮಾತು ಕೇಳು. ನೀಲಕ್ಕ ಅಲ್ಲಿ ಇದ್ದಳು. ತಂಗಿ ಬಡಿಸುವುದು ಅವಳಿಗೆ ಗೊತ್ತಿತ್ತು, ತಂಗಿ ಸೊರಗುವುದೂ ಗೊತ್ತಿತ್ತು. ಬಡಿಸಿ ಬಡಿಸಿ ಬರಿದಾಗುವುದು ಹೇಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾಕು, ಸಾಕು ಎಂದು ಅವಳು ಎಂದಿನಿಂದಲೋ ಕೂಗುತ್ತಿದ್ದಳು. ಒಂದು ಕೂಗೂ ಗೆರೆ ದಾಟುತ್ತಿರಲಿಲ್ಲ. ಎತ್ತಲು ಜ್ವಾಲೆಯ ಕೈಗಳೂ ಉಳಿದಿರಲಿಲ್ಲ. ಅವಳಿಗೆ ಉಳಿದಿದ್ದ ಕೆಲಸ ಒಂದೇ, ತಿರುಗುವುದು.

ಅವಳು ತಿರುಗಿದಳು. ತಂಗಿ ಸುರಿದ ಬೆಂಕಿಯ ಜೊತೆಗೆ ಕಣ್ಣಿಗೆ ಕಾಣದ ನೂಲುಗಳೂ ಬಂದಿದ್ದವು. ಮರಳಿನಲ್ಲಿ ಅಯಸ್ಕಾಂತ ಆಡಿಸಿದಾಗ ಕಬ್ಬಿಣದ ಪುಡಿ ಕೂದಲಿನಂತೆ ಸೆಟೆದು ನಿಲ್ಲುತ್ತದಲ್ಲ, ಅದನ್ನು ಹಾಗೆ ಹಿಡಿದು ನಿಲ್ಲಿಸುವ ಶಕ್ತಿಯ ನೂಲುಗಳೇ ಅವು. ನೀಲಕ್ಕ ತಿರುಗಿದ ಹಾಗೆ ಆ ನೂಲುಗಳು ಹುರಿಗೊಂಡವು. ಹುರಿ ಬಿಗಿಯಿತು, ಇನ್ನೂ ಬಿಗಿಯಿತು. ಗೆರೆಯ ಒಳಗೆ ಹೋದದ್ದನ್ನು ಹೊರಗೆ ತರಲು ಅವಳಿಂದಲೂ ಆಗುವುದಿಲ್ಲ. ಆದರೆ ಗೆರೆಯ ಹೊರಗೆ, ಇನ್ನೂ ಬಾಯಿಗೆ ಬೀಳದ ತುತ್ತು ಇತ್ತಲ್ಲ! ಬಿಗಿದ ಹುರಿ ಆ ತುತ್ತನ್ನು ಹಿಡಿದು ಎತ್ತಿ ಎಸೆಯಿತು. ಸುತ್ತಮುತ್ತ ತಟ್ಟೆ ದಪ್ಪಗೆ ಅಡ್ಡ ಇತ್ತು. ತೆರೆದ ದಾರಿ ಎರಡೇ, ಮೇಲಕ್ಕೆ ಒಂದು, ಕೆಳಕ್ಕೆ ಒಂದು.

ನೀಲಕ್ಕ ತಂಗಿ ಬಡಿಸಿದ ಊಟದಿಂದಲೇ ಕೈ ಮಾಡಿಕೊಂಡಳು.

ಕತ್ತಲೆಯ ಮೇಲಕ್ಕೂ ಕೆಳಕ್ಕೂ ಎರಡು ಬೆಳಕಿನ ಧಾರೆಗಳು ಸುಯ್ ಎಂದು ಚಿಮ್ಮಿದವು. ಸುಯ್ಯ ಬೆಚ್ಚಿಬಿದ್ದು ಹೊನ್ನಿಯ ಹಿಂದೆ ಅಡಗಿದ. ಅಂಥ ವೇಗವನ್ನು ಗಾಳಿಯಾದ ಅವನೂ ಕಂಡಿರಲಿಲ್ಲ. ಕೆಂಪಯ್ಯ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಹೊನ್ನಿಗೆ ಮಾತ್ರ ಅದು ಕೈ ಎಂದು ತಿಳಿಯಲಿಲ್ಲ. ಗಾಬರಿಯವಳಲ್ಲವೇ, ಮೊದಲು ತೋಚಿದ್ದೇ ಕೆಟ್ಟದ್ದು.

"ಅಯ್ಯೋ, ಅಕ್ಕ ಉಗಿದುಬಿಟ್ಳು! ನಾನು ಬಡಿಸಿದ್ದನ್ನ ಉಗಿದುಬಿಟ್ಳು ಅಜ್ಜೀ! ನನ್ನ ಮೇಲೆ ಅಷ್ಟು ಸಿಟ್ಟಾ ಅವಳಿಗೆ?"

ಆ ಧಾರೆಗಳು ಹೋಗಿ ಹೋಗಿ ದೂರದಲ್ಲಿದ್ದ ಮಬ್ಬಜ್ಜಿಯ ಮಡಿಲಿಗೆ ಬಡಿದವು. ಒಂದು ಈ ಬದಿಗೆ, ಒಂದು ಆ ಬದಿಗೆ. ಬಡಿದ ಕಡೆ ಅಜ್ಜಿಯ ಮಡಿಲು ಬಲೂನಿನಂತೆ ಉಬ್ಬಿತು. ಅಜ್ಜಿ ಉಬ್ಬಿದ ಜಾಗಗಳನ್ನು ಮೆಲ್ಲಗೆ ಸವರಿ ನೋಡಿದಳು. ಈ ಬದಿ ನೋಡಿದಳು, ಆ ಬದಿ ನೋಡಿದಳು. ಆಮೇಲೆ ಹೇಳಿದಳು.

"ಹೊನ್ನೀ, ಅಳಬೇಡ, ಕೇಳು. ಸಿಟ್ಟಲ್ಲಿ ಉಗಿದಿದ್ರೆ ದಿಕ್ಕಾಪಾಲಾಗಿ ಬೀಳ್ತಿತ್ತು. ಇದು ಹಾಗೆ ಬಂದಿಲ್ಲ. ಒಂದು ಮೇಲಕ್ಕೆ, ಒಂದು ಕೆಳಕ್ಕೆ, ನೂಲು ಹಿಡಿದ ಹಾಗೆ ನೆಟ್ಟಗೆ ಬಂದಿದೆ. ಎರಡು ಕೈ ಕಣೇ ಇದು. ನಿಮ್ಮಕ್ಕ ಎರಡೂ ಕೈ ಹಿಡಿದಿದ್ದಾಳೆ."

ಹೊನ್ನಿ ತಲೆಯೆತ್ತಿ ನೋಡಿದಳು. ಒಂದು ಮೇಲಕ್ಕೆ. ಒಂದು ಕೆಳಕ್ಕೆ.

"ಸಾಕು ಅಂತಿದ್ದಾಳಾ?"

"ಸಾಕು ಅಂತಿದ್ದಾಳೆ. ಇಳಿಸು ಮಗಳೇ, ಇನ್ನಾದ್ರೂ ಇಳಿಸು."

ಹೊನ್ನಿ ಸೌಟು ಇಳಿಸಿದಳು. ಎಷ್ಟೋ ಕಾಲದಿಂದ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಸರಿದಳು. ಸೊರಗಿದ್ದಳು, ಸುಟ್ಟಿದ್ದಳು, ಆದರೆ ಉಳಿದಿದ್ದಳು. ಅಕ್ಕ ಇದ್ದಾಳೆ, ಅಕ್ಕ ಇದ್ದಾಳೆ ಎಂದು ತನಗೆ ತಾನೇ ಹೇಳಿಕೊಂಡು ಅತ್ತಳು. ಕೆಂಪಯ್ಯನೂ ಆ ಕಡೆ ತಿರುಗಿ ಕಣ್ಣೊರೆಸಿಕೊಂಡನಂತೆ. ಕೇಳಿದರೆ ಹೊಗೆ ಎಂದ.

ಬಡಿಸುವುದು ನಿಂತಿತು. ತಟ್ಟೆ ತೆಳುವಾಯಿತು. ಬೆಳಕಿನ ಧಾರೆಗಳು ಸಣ್ಣಗಾಗಿ, ಕೊನೆಗೆ ಆರಿದವು. ಮತ್ತೆ ಕತ್ತಲೆ, ಮತ್ತೆ ಮೌನ. ಇಬ್ಬರೂ ಸುತ್ತಿದರು. ಒಂದು ಸುತ್ತು, ಹತ್ತು ಸುತ್ತು, ನೂರು ಸುತ್ತು.

ಹೊನ್ನಿ ತಡೆದುಕೊಂಡಳು. ಇದ್ದಾಳೆ, ನಾನೇ ನೋಡಿದ್ದೀನಲ್ಲ ಎಂದುಕೊಂಡಳು. ಇನ್ನೂ ಒಂದು ಸುತ್ತು ತಡೆದುಕೊಂಡಳು. ಆಮೇಲೆ ಆ ಹಳೆಯ ಡವಡವ ಮೆಲ್ಲಗೆ ಶುರುವಾಯಿತು. ಆಗ ಇದ್ದಳು, ಸರಿ. ಈಗ?

ಅಕ್ಕನ ಕೈ ಕಾಣಬೇಕಾದರೆ ದಾರಿ ಒಂದೇ. ಬೇಡ ಎನ್ನುವಷ್ಟು ಬಡಿಸಬೇಕು. ಬಡಿಸಿದರೆ ತಾನು ಸವೆಯುತ್ತಾಳೆ, ಬಡಿಸದಿದ್ದರೆ ಅಕ್ಕ ಇರುವುದೇ ಗೊತ್ತಾಗುವುದಿಲ್ಲ. ಎಷ್ಟು ಕಾಲ ಹೀಗೆ ನಡೆದೀತು ಎಂದು ಮಬ್ಬಜ್ಜಿಗೆ ಇಂದಿಗೂ ಚಿಂತೆ.

"ಅಕ್ಕಾ, ಇದ್ದೀಯಾ?" ಎಂದು ಹೊನ್ನಿ ಬಾಗಿದಳು.

ಆಕಾಶದಲ್ಲಿ ಇವರಂಥ ಜೋಡಿಗಳು ಇನ್ನೂ ಎಷ್ಟೋ ಇವೆ, ಮಗೂ. ದೊಡ್ಡ ದೊಡ್ಡ ದೂರದರ್ಶಕಗಳಿಂದ ತೆಗೆದ ಚಿತ್ರಗಳಲ್ಲಿ ನೋಡು, ನಕ್ಷತ್ರವೊಂದರ ಪಕ್ಕದ ಏನೂ ಕಾಣದ ಜಾಗದಿಂದ ಎರಡು ಬೆಳಕಿನ ಗೆರೆಗಳು ನೆಟ್ಟಗೆ ಚಿಮ್ಮಿರುವುದು ಕಂಡರೆ, ಒಬ್ಬ ತಂಗಿ ತಡೆಯಲಾರದೆ ಒಂದು ಸೌಟು ಹೆಚ್ಚಿಗೆ ಬಡಿಸಿದ್ದಾಳೆ ಎಂದು ತಿಳಿದುಕೋ.